ಹೆಸರಿಲ್ಲದ ಪರೀಕ್ಷಕರ ಒರೆಗಲ್ಲು

ರಾತ್ರಿ ಹತ್ತು ಗಂಟೆ. ಧಾರವಾಡದಲ್ಲೋ ಮೈಸೂರಿನಲ್ಲೋ ವಿಶ್ವವಿದ್ಯಾಲಯದ ಕ್ವಾರ್ಟರ್ಸ್‌ನ ಒಂದು ಮನೆ. ಹಗಲಿಡೀ ಪಾಠ, ಪ್ರಯೋಗಾಲಯ, ಮೀಟಿಂಗು ಎಂದು ಓಡಾಡಿದ ಪ್ರಾಧ್ಯಾಪಕಿಯೊಬ್ಬರು ಊಟ ಮುಗಿಸಿ ಲ್ಯಾಪ್‌ಟಾಪ್ ತೆರೆದು ಕೂತಿದ್ದಾರೆ. ಪರದೆಯ ಮೇಲೆ ಮೂವತ್ತು ಪುಟಗಳ ಒಂದು ಪ್ರಬಂಧ. ಪ್ರತಿ ಸಾಲಿನ ಎಡಕ್ಕೆ ಒಂದೊಂದು ಸಂಖ್ಯೆ. ಬರೆದವರು ಯಾರೋ, ಯಾವ ಊರಿನವರೋ. ಪಟ್ಟಿ, ನಕ್ಷೆ, ಲೆಕ್ಕಗಳನ್ನು ಮತ್ತೆ ಮತ್ತೆ ನೋಡಿ ಅವರು ಟಿಪ್ಪಣಿ ಬರೆಯುತ್ತಾರೆ: ‘ಸಾಲು 214: ಇಲ್ಲಿ ಹೇಳಿರುವ ತೀರ್ಮಾನಕ್ಕೆ ಮೂರನೇ ಪಟ್ಟಿಯಲ್ಲಿ ಆಧಾರ ಕಾಣುತ್ತಿಲ್ಲ. ದಯವಿಟ್ಟು ವಿವರಿಸಿ.’

ಈ ಓದಿಗೆ ಸಾಮಾನ್ಯವಾಗಿ ಸಂಬಳವಿಲ್ಲ, ಸಂಭಾವನೆಯಿಲ್ಲ. ಪ್ರಬಂಧ ಅಚ್ಚಾದಾಗ ಅದರಲ್ಲಿ ಇವರ ಹೆಸರೂ ಇರುವುದಿಲ್ಲ. ಆದರೆ ಇದು ಆಗದ ಹೊರತು ಆ ಪ್ರಬಂಧ ಮುಂದಕ್ಕೆ ಹೋಗುವಂತಿಲ್ಲ. ಹೊಸ ಔಷಧವಿರಲಿ, ಹೊಸ ತಳಿಯಿರಲಿ, ಹಳೆಯ ಶಾಸನವೊಂದರ ಹೊಸ ಓದೇ ಇರಲಿ, ಅದು ಲೋಕದ ಮುಂದೆ ಬರುವ ಮೊದಲು ಆ ವಿಷಯ ಬಲ್ಲ ಇಬ್ಬರು ಮೂವರು ಹೀಗೆ ಕೂತು ಜಾಲಾಡಿರಬೇಕು ಎಂಬುದು ವಿದ್ವತ್ ಲೋಕದ ಕಟ್ಟಳೆ. ಇದಕ್ಕೆ ಪೀರ್ ರಿವ್ಯೂ, ಅಂದರೆ ಸಹತಜ್ಞರ ಪರಿಶೀಲನೆ ಎಂದು ಹೆಸರು.

ಕಾಲೇಜು ಮೆಟ್ಟಿಲು ಹತ್ತಿದ ಬಹಳ ಜನ ಈ ಹೆಸರು ಕೇಳಿರುತ್ತಾರೆ. ಆದರೆ ಅಲ್ಲಿ ನಿಜಕ್ಕೂ ಏನು ನಡೆಯುತ್ತದೆ, ಅದು ಯಾವುದಕ್ಕೆ ಖಾತರಿ ಕೊಡುತ್ತದೆ, ಯಾವುದಕ್ಕೆ ಕೊಡುವುದಿಲ್ಲ ಎಂಬುದು ಅಷ್ಟಾಗಿ ಗೊತ್ತಿಲ್ಲ. ನಾವು ನುಂಗುವ ಮಾತ್ರೆ, ಮಕ್ಕಳಿಗೆ ಹಾಕಿಸುವ ಲಸಿಕೆ, ಹೊಲಕ್ಕೆ ಹಾಕುವ ಗೊಬ್ಬರದ ಹಿಂದೆ ಈ ಪರಿಶೀಲನೆ ಇರುವುದರಿಂದ ಇದು ಸಂಶೋಧಕರಿಗೆ ಮಾತ್ರ ಬಿಟ್ಟ ಸಂಗತಿಯೂ ಅಲ್ಲ.

ಪ್ರಬಂಧ ಸಾಗುವ ದಾರಿ

ಸಂಶೋಧಕರು ತಮ್ಮ ಪ್ರಬಂಧವನ್ನು ಒಂದು ಸಂಶೋಧನಾ ಪತ್ರಿಕೆಗೆ ಕಳಿಸುತ್ತಾರೆ. ಏಕಕಾಲಕ್ಕೆ ಎರಡು ಪತ್ರಿಕೆಗಳಿಗೆ ಕಳಿಸುವಂತಿಲ್ಲ. ಮೊದಲ ಜರಡಿ ಸಂಪಾದಕರದು. ವಿಷಯ ಪತ್ರಿಕೆಯ ವ್ಯಾಪ್ತಿಗೆ ಸೇರುತ್ತದೆಯೇ, ಬೇರೆಯವರ ಬರಹದಿಂದ ಎತ್ತಿದ ಸಾಲುಗಳಿವೆಯೇ, ಹೇಳುವುದರಲ್ಲಿ ಹೊಸದೇನಾದರೂ ಇದೆಯೇ ಎಂದು ಅವರು ನೋಡುತ್ತಾರೆ. ಕೃತಿಚೌರ್ಯ ಹಿಡಿಯಲು ಈಗ ಸಾಫ್ಟ್‌ವೇರ್‌ಗಳಿವೆ. ಹೆಸರಾಂತ ಪತ್ರಿಕೆಗಳಿಗೆ ಬರುವ ಪ್ರಬಂಧಗಳಲ್ಲಿ ಬಹುಪಾಲು ಈ ಹಂತದಲ್ಲೇ ವಾಪಸ್ಸಾಗುತ್ತವೆ. ಸಂಶೋಧಕರ ಬಾಯಲ್ಲಿ ಇದು ‘ಡೆಸ್ಕ್ ರಿಜೆಕ್ಟ್’.

ಉಳಿದವುಗಳಿಗೆ ಸಂಪಾದಕರು ಪರಿಶೀಲಕರನ್ನು ಹುಡುಕಬೇಕು. ಅದೇ ಕ್ಷೇತ್ರದಲ್ಲಿ ಪಳಗಿದವರಾಗಿರಬೇಕು, ಲೇಖಕರ ಗುರುವೋ, ಶಿಷ್ಯರೋ, ಜತೆಗೆ ಕೆಲಸ ಮಾಡಿದವರೋ ಆಗಿರಬಾರದು, ಕಡುವಿರೋಧಿಯೂ ಆಗಿರಬಾರದು. ಕಿರಿದಾದ ಕ್ಷೇತ್ರಗಳಲ್ಲಿ ಎಲ್ಲರಿಗೂ ಎಲ್ಲರೂ ಗೊತ್ತಿರುವುದರಿಂದ ಇಂಥವರು ಸಿಗುವುದು ಸುಲಭವಲ್ಲ. ಸಿಕ್ಕರೂ ‘ಬಿಡುವಿಲ್ಲ’ ಎಂಬ ಉತ್ತರ ಬರುತ್ತದೆ. ಇಬ್ಬರು ಒಪ್ಪಲು ಹತ್ತು ಜನರಿಗೆ ಪತ್ರ ಬರೆಯುವ ಪಾಡು ಸಂಪಾದಕರಿಗೆ ಹೊಸತಲ್ಲ.

ಒಪ್ಪಿದವರು ವಾರಗಳಲ್ಲೋ ತಿಂಗಳುಗಳಲ್ಲೋ ವರದಿ ಕಳಿಸುತ್ತಾರೆ. ಅದರ ಆಧಾರದ ಮೇಲೆ ಸಂಪಾದಕರ ತೀರ್ಮಾನ ನಾಲ್ಕರಲ್ಲಿ ಒಂದಾಗಿರುತ್ತದೆ: ಇದ್ದ ಹಾಗೇ ಸ್ವೀಕಾರ, ಸಣ್ಣ ತಿದ್ದುಪಡಿ, ದೊಡ್ಡ ತಿದ್ದುಪಡಿ, ತಿರಸ್ಕಾರ. ಮೊದಲನೆಯದು ತೀರ ಅಪರೂಪ. ‘ಮೇಜರ್ ರಿವಿಷನ್’ ಎಂಬ ಪತ್ರ ಬಂದರೆ ಅನುಭವಸ್ಥ ಸಂಶೋಧಕರು ಸಮಾಧಾನಪಡುತ್ತಾರೆ, ಬಾಗಿಲು ಇನ್ನೂ ಮುಚ್ಚಿಲ್ಲವೆಂದು.

ಆಮೇಲೆ ಲೇಖಕರ ಸರದಿ. ಪರಿಶೀಲಕರ ಒಂದೊಂದು ಪ್ರಶ್ನೆಗೂ ಒಂದೊಂದು ಉತ್ತರ ಬರೆಯಬೇಕು. ಒಪ್ಪಿದ್ದನ್ನು ತಿದ್ದಬೇಕು, ಒಪ್ಪದ್ದಕ್ಕೆ ಕಾರಣ ಕೊಡಬೇಕು. ಕೆಲವೊಮ್ಮೆ ಪ್ರಯೋಗಾಲಯಕ್ಕೆ ಮರಳಿ ಆರು ತಿಂಗಳು ಹೊಸ ಪ್ರಯೋಗ ಮಾಡಬೇಕಾಗುತ್ತದೆ. ತಿದ್ದಿದ ಪ್ರತಿ ಮತ್ತೆ ಅದೇ ಪರಿಶೀಲಕರ ಕೈಗೆ ಹೋಗುತ್ತದೆ. ಇಷ್ಟೆಲ್ಲ ಮುಗಿಯಲು ವರ್ಷ ಹಿಡಿಯುವುದುಂಟು. ಕೊನೆಯ ಮಾತು ಮಾತ್ರ ಸಂಪಾದಕರದೇ. ಪರಿಶೀಲಕರು ಸಲಹೆ ಕೊಡುವವರು, ತೀರ್ಪು ಕೊಡುವವರಲ್ಲ.

ಪ್ರಶ್ನೆಗಳು ಹೇಗಿರುತ್ತವೆ?

ಒಂದು ಪ್ರಬಂಧವನ್ನು ಕಲ್ಪಿಸಿಕೊಳ್ಳೋಣ. ‘ದಿನವೂ ರಾಗಿಮುದ್ದೆ ಉಂಡರೆ ಮೂರು ತಿಂಗಳಲ್ಲಿ ಸಕ್ಕರೆ ಕಾಯಿಲೆ ಹತೋಟಿಗೆ ಬರುತ್ತದೆ’ ಎನ್ನುತ್ತದೆ ಅದು. ನಮಗೆಲ್ಲ ಹಿತವೆನಿಸುವ ಮಾತು. ಪರಿಶೀಲಕರು ಆ ಹಿತವನ್ನು ಬದಿಗಿಟ್ಟು ಓದಬೇಕು.

ಎಷ್ಟು ಜನರ ಮೇಲೆ ಅಧ್ಯಯನ ನಡೆಯಿತು? ಇಪ್ಪತ್ತು ಜನರೆಂದರೆ ಕಾಕತಾಳೀಯವನ್ನು ತಳ್ಳಿಹಾಕುವುದು ಹೇಗೆ? ಮುದ್ದೆ ಉಂಡವರನ್ನು ಯಾರ ಜತೆ ಹೋಲಿಸಲಾಯಿತು? ಅನ್ನ ಉಂಡವರ ಜತೆಯೋ, ಅಥವಾ ಅವರದೇ ಹಿಂದಿನ ಸ್ಥಿತಿಯ ಜತೆಯೋ? ಅಧ್ಯಯನಕ್ಕೆ ಸೇರಿದ ಮೇಲೆ ಅವರು ಬೆಳಿಗ್ಗೆ ವಾಕಿಂಗ್ ಶುರು ಮಾಡಿದರೇ? ಮಾತ್ರೆಯ ಪ್ರಮಾಣ ಬದಲಾಯಿತೇ? ಅಳೆದದ್ದು ಬರೀ ಹೊಟ್ಟೆಯ ಸಕ್ಕರೆಯನ್ನೋ, ಮೂರು ತಿಂಗಳ ಸರಾಸರಿ ತೋರಿಸುವ ಎಚ್‌ಬಿಎ1ಸಿಯನ್ನೋ? ಮಧ್ಯದಲ್ಲೇ ಬಿಟ್ಟುಹೋದವರೆಷ್ಟು, ಅವರನ್ನು ಲೆಕ್ಕಕ್ಕೆ ಹಿಡಿಯಲಾಗಿದೆಯೇ? ನೈತಿಕ ಸಮಿತಿಯ ಅನುಮತಿ ಇದೆಯೇ? ಹಣ ಕೊಟ್ಟವರು ಯಾರು? ರಾಗಿ ಹಿಟ್ಟು ಮಾರುವ ಕಂಪನಿಯೇ ಕೊಟ್ಟಿದ್ದರೆ ಅದನ್ನು ತಿಳಿಸಬೇಡವೇ?

ಈ ಪ್ರಶ್ನೆಗಳನ್ನು ದಾಟಿ ಬರುವ ಹೊತ್ತಿಗೆ ಪ್ರಬಂಧದ ಕೊನೆಯ ಸಾಲು ಬದಲಾಗಿರುತ್ತದೆ. ‘ಈ ಸಣ್ಣ ಗುಂಪಿನಲ್ಲಿ ಸಕ್ಕರೆಯ ಮಟ್ಟ ಇಳಿದದ್ದು ಕಂಡುಬಂದಿದೆ, ಕಾರಣ ರಾಗಿಯೇ ಎಂದು ಹೇಳಲು ಹೆಚ್ಚು ಜನರನ್ನೊಳಗೊಂಡ ಅಧ್ಯಯನ ಬೇಕು’ ಎಂದು ಅದು ಮುಗಿಯುತ್ತದೆ. ಸುದ್ದಿಯ ಶೀರ್ಷಿಕೆಗೆ ಇದು ಸಪ್ಪೆ. ಆದರೆ ಇದು ಪ್ರಾಮಾಣಿಕ ಮಾತು, ಮತ್ತು ಪರಿಶೀಲನೆಯ ನಿಜವಾದ ಫಲ ಇದೇ. ಆಧಾರ ಎಷ್ಟಿದೆಯೋ ಮಾತು ಅಷ್ಟೇ ಇರಬೇಕು ಎಂಬುದನ್ನು ಅದು ಕಲಿಸುತ್ತದೆ.

ಮಾನವಿಕ ವಿಷಯಗಳಲ್ಲಿ ಪ್ರಶ್ನೆಗಳ ಜಾಡು ಬೇರೆ. ಇತಿಹಾಸದ ಪ್ರಬಂಧವಾದರೆ, ಶಾಸನದ ಪಾಠವನ್ನು ಕಲ್ಲಿನಿಂದ ಓದಿದ್ದೋ, ಅಚ್ಚಾದ ಸಂಪುಟದಿಂದ ಎತ್ತಿಕೊಂಡದ್ದೋ? ಇದೇ ವಾದವನ್ನು ಹಿಂದೆ ಮಂಡಿಸಿದವರ ಉಲ್ಲೇಖವಿದೆಯೇ? ವಾದಕ್ಕೆ ಒಗ್ಗದ ಆಕರಗಳನ್ನು ಬಿಟ್ಟಿದ್ದಾರೆಯೇ? ಕ್ರಮ ಬೇರೆಯಾದರೂ ಅನುಮಾನದ ಶಿಸ್ತು ಒಂದೇ.

ಶುರುವಾದದ್ದು ಹೀಗೆ

ಇಂದಿನ ಸಂಶೋಧನಾ ಪತ್ರಿಕೆಗಳ ಮೂಲ 1665ರಲ್ಲಿದೆ. ಆ ವರ್ಷದ ಮಾರ್ಚ್‌ನಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯ ಕಾರ್ಯದರ್ಶಿ ಹೆನ್ರಿ ಓಲ್ಡನ್‌ಬರ್ಗ್ ‘ಫಿಲಸಾಫಿಕಲ್ ಟ್ರಾನ್ಸಾಕ್ಷನ್ಸ್’ ಪತ್ರಿಕೆ ಆರಂಭಿಸಿದರು. ಯಾವುದು ಅಚ್ಚಾಗಬೇಕು, ಯಾವುದು ಬೇಡ ಎಂಬುದನ್ನು ಬಹುಮಟ್ಟಿಗೆ ಅವರೇ ನಿರ್ಧರಿಸುತ್ತಿದ್ದರು. 1752ರಲ್ಲಿ ಸೊಸೈಟಿ ಪತ್ರಿಕೆಯನ್ನು ತನ್ನ ಸುಪರ್ದಿಗೆ ತೆಗೆದುಕೊಂಡು, ಆಯ್ಕೆಗೆ ಒಂದು ಸಮಿತಿ ಮಾಡಿತು.

ಲಿಖಿತ ವರದಿಯ ಪದ್ಧತಿ ಬಂದದ್ದು 1830ರ ದಶಕದ ಆರಂಭದಲ್ಲಿ. ವಿಲಿಯಂ ಹ್ಯೂವೆಲ್ ಎಂಬ ವಿದ್ವಾಂಸರು, ಬಂದ ಪ್ರಬಂಧಗಳ ಮೇಲೆ ಬಲ್ಲವರಿಂದ ವರದಿ ಬರೆಸೋಣ ಎಂದು ಸೂಚಿಸಿದರು. ಮೊದಲಿಗೆ ಸಿಕ್ಕಿದ್ದು ಭೂಮಿ ಮತ್ತು ಶುಕ್ರ ಗ್ರಹಗಳ ಚಲನೆಯ ಬಗ್ಗೆ ಜಾರ್ಜ್ ಏರಿ ಬರೆದ ಪ್ರಬಂಧ. ಪರಿಶೀಲಕರು ಹ್ಯೂವೆಲ್ ಮತ್ತು ಜಾನ್ ಲಬಕ್. ಹ್ಯೂವೆಲ್ ಹೊಗಳಿ ಬರೆಯಲು ಹೊರಟರೆ ಲಬಕ್ ತಪ್ಪುಗಳನ್ನು ಎತ್ತಿ ತೋರಿಸಲು ಹೊರಟರು. ಒಮ್ಮತಕ್ಕೆ ಬರಲು ಇಬ್ಬರೂ ಏಗಬೇಕಾಯಿತು. ಪರಿಶೀಲಕರು ಪರಸ್ಪರ ಒಪ್ಪದಿರುವುದು ಈ ಪದ್ಧತಿ ಹುಟ್ಟಿದಂದಿನಿಂದಲೇ ಇದೆ.

ಆದರೂ ಮುಂದಿನ ನೂರು ವರ್ಷ ಬಹುತೇಕ ಪತ್ರಿಕೆಗಳಲ್ಲಿ ಬಹುಮಟ್ಟಿಗೆ ಸಂಪಾದಕರೇ ಓದಿ ತೀರ್ಮಾನಿಸುತ್ತಿದ್ದರು. ಡಿಎನ್ಎಯ ರಚನೆ ಕುರಿತ ವಾಟ್ಸನ್ ಮತ್ತು ಕ್ರಿಕ್ ಅವರ ಪ್ರಸಿದ್ಧ ಲೇಖನ 1953ರಲ್ಲಿ ‘ನೇಚರ್’ನಲ್ಲಿ ಹೊರಗಿನ ಪರಿಶೀಲನೆ ಇಲ್ಲದೆಯೇ ಬಂತು. ಎಲ್ಲ ಪ್ರಬಂಧಗಳಿಗೂ ಪರಿಶೀಲನೆ ಕಡ್ಡಾಯ ಎಂಬ ನಿಯಮ ‘ನೇಚರ್’ನಲ್ಲಿ ಜಾರಿಯಾದದ್ದು 1973ರಲ್ಲಿ. ಎರಡನೇ ಮಹಾಯುದ್ಧದ ನಂತರ ಸಂಶೋಧನೆಗೆ ಸರ್ಕಾರಗಳ ಹಣ ಹರಿದುಬಂತು; ಪ್ರಬಂಧಗಳು ರಾಶಿಬಿದ್ದವು; ವಿಷಯಗಳು ಕವಲೊಡೆದು ಒಬ್ಬ ಸಂಪಾದಕರಿಗೆ ಎಲ್ಲವೂ ತಿಳಿದಿರುವುದು ಅಸಾಧ್ಯವಾಯಿತು. ಜೆರಾಕ್ಸ್ ಯಂತ್ರ ಬಂದ ಮೇಲೆ ಪ್ರತಿ ತೆಗೆದು ಅಂಚೆಯಲ್ಲಿ ಕಳಿಸುವುದೂ ಸಲೀಸಾಯಿತು. ನಾವು ಸನಾತನವೆಂದುಕೊಳ್ಳುವ ಈ ಪದ್ಧತಿ ಎಲ್ಲೆಡೆ ನೆಲೆಯೂರಿ ಅರ್ಧ ಶತಮಾನವಷ್ಟೇ ಆಗಿದೆ.

ಐನ್‌ಸ್ಟೈನ್ ಸಿಟ್ಟಾದ ಪ್ರಸಂಗ

ಪರಿಶೀಲನೆಯಿಂದ ಆಗುವ ಉಪಕಾರವನ್ನು ತೋರಿಸಲು 1936ರ ಒಂದು ಪ್ರಸಂಗ ಸಾಕು. ಅಮೆರಿಕಕ್ಕೆ ಬಂದು ಪ್ರಿನ್ಸ್‌ಟನ್‌ನಲ್ಲಿ ನೆಲೆಸಿದ್ದ ಐನ್‌ಸ್ಟೈನ್, ನೇಥನ್ ರೋಸೆನ್ ಜತೆ ಸೇರಿ ‘ಫಿಸಿಕಲ್ ರಿವ್ಯೂ’ಗೆ ಒಂದು ಪ್ರಬಂಧ ಕಳಿಸಿದರು. ಗುರುತ್ವದ ಅಲೆಗಳು ಇರಲು ಸಾಧ್ಯವಿಲ್ಲ ಎಂಬುದು ಅದರ ತೀರ್ಮಾನ. ಅಂಥ ಅಲೆಗಳಿರಬೇಕೆಂದು ಇಪ್ಪತ್ತು ವರ್ಷ ಹಿಂದೆ ಹೇಳಿದ್ದವರೂ ಅವರೇ.

ಸಂಪಾದಕ ಜಾನ್ ಟೇಟ್ ಹೆಸರಿಗೆ ಬೆರಗಾಗಿ ಸುಮ್ಮನಿರಲಿಲ್ಲ. ಪ್ರಬಂಧವನ್ನು ಪರಿಶೀಲಕರೊಬ್ಬರಿಗೆ ಕಳಿಸಿದರು. ಹತ್ತು ಪುಟಗಳ ವರದಿ ಬಂತು, ಲೆಕ್ಕದಲ್ಲಿ ತಪ್ಪಿದೆ ಎಂದು. ಟೇಟ್ ಅದನ್ನು ವಿನಯದಿಂದಲೇ ಐನ್‌ಸ್ಟೈನ್‌ಗೆ ಕಳಿಸಿ ಅಭಿಪ್ರಾಯ ಕೇಳಿದರು. ಐನ್‌ಸ್ಟೈನ್ ಕೆರಳಿದರು. ಪ್ರಬಂಧ ಕಳಿಸಿದ್ದು ಅಚ್ಚು ಹಾಕಲಿಕ್ಕೆ, ಅಚ್ಚಿಗೆ ಮೊದಲು ಬೇರೆಯವರಿಗೆ ತೋರಿಸಲು ತಾವು ಅನುಮತಿ ಕೊಟ್ಟಿರಲಿಲ್ಲ ಎಂದು ಜುಲೈ 27ರಂದು ಉತ್ತರ ಬರೆದು, ಪ್ರಬಂಧ ವಾಪಸ್ ಪಡೆದು ಬೇರೊಂದು ಪತ್ರಿಕೆಗೆ ಕೊಟ್ಟರು. ಜರ್ಮನಿಯ ಪತ್ರಿಕೆಗಳ ರೂಢಿಯಲ್ಲಿ ಬೆಳೆದ ಅವರಿಗೆ ಈ ಪದ್ಧತಿ ಅಪರಿಚಿತವಾಗಿತ್ತು.

ಪರಿಶೀಲಕ ಹವರ್ಡ್ ರಾಬರ್ಟ್‌ಸನ್ ಕೂಡ ಪ್ರಿನ್ಸ್‌ಟನ್ನಿನವರೇ. ಅವರು ಐನ್‌ಸ್ಟೈನ್‌ರ ಹೊಸ ಸಹಾಯಕ ಲಿಯೋಪೋಲ್ಡ್ ಇನ್‌ಫೆಲ್ಡ್ ಜತೆ ಸ್ನೇಹ ಬೆಳೆಸಿ, ತಪ್ಪು ಎಲ್ಲಿದೆಯೆಂದು ಬಿಡಿಸಿ ತೋರಿಸಿದರು. ಲೆಕ್ಕದಲ್ಲಿ ಎದುರಾದ ತೊಡಕು ಅಲೆಗಳದ್ದಾಗಿರಲಿಲ್ಲ. ಅವನ್ನು ವರ್ಣಿಸಲು ಆರಿಸಿಕೊಂಡ ನಿರ್ದೇಶಾಂಕ ಕ್ರಮದ್ದಾಗಿತ್ತು. ಕರಡು ತಿದ್ದುವ ಹಂತದಲ್ಲಿ ಐನ್‌ಸ್ಟೈನ್ ತೀರ್ಮಾನವನ್ನೇ ಬದಲಿಸಿದರು. 1937ರಲ್ಲಿ ಪ್ರಬಂಧ ಬೇರೆ ಶೀರ್ಷಿಕೆಯಲ್ಲಿ ಬಂತು. ಅನಾಮಿಕ ಪರಿಶೀಲಕರು ರಾಬರ್ಟ್‌ಸನ್ ಎಂಬುದು ಪತ್ರಿಕೆಯ ಹಳೆಯ ದಾಖಲೆಗಳಿಂದ ಖಚಿತವಾಗಿ ಹೊರಬಿದ್ದದ್ದು 2005ರಲ್ಲಿ, ಅವರು ತೀರಿಕೊಂಡು ದಶಕಗಳು ಕಳೆದ ಮೇಲೆ.

ಗುರುತ್ವದ ಅಲೆಗಳು 2015ರ ಸೆಪ್ಟೆಂಬರ್ 14ರಂದು ಲೈಗೊ ವೀಕ್ಷಣಾಲಯಗಳಲ್ಲಿ ಸಿಕ್ಕವು. ಅದನ್ನು ತಿಳಿಸಿದ, ಸಾವಿರಕ್ಕೂ ಹೆಚ್ಚು ಲೇಖಕರ ಪ್ರಬಂಧ 2016ರ ಫೆಬ್ರುವರಿಯಲ್ಲಿ ಬಂದದ್ದು ಅದೇ ಬಳಗದ ‘ಫಿಸಿಕಲ್ ರಿವ್ಯೂ ಲೆಟರ್ಸ್’ನಲ್ಲಿ, ಪರಿಶೀಲನೆ ಮುಗಿದ ಮೇಲೆಯೇ. ಎರಡು ಕಪ್ಪುಕುಳಿಗಳು ಒಂದಾದ ಮೇಲೆ ಹೊಮ್ಮುವ ಕೊನೆಯ ಕಂಪನ ಹೇಗಿರುತ್ತದೆಂದು ಮೊದಲು ಲೆಕ್ಕ ಹಾಕಿದವರು ನಮ್ಮ ಬೆಂಗಳೂರಿನವರು. ನೆಹರೂ ತಾರಾಲಯದ ಸ್ಥಾಪಕ ನಿರ್ದೇಶಕ ಸಿ.ವಿ. ವಿಶ್ವೇಶ್ವರ ಅದನ್ನು 1970ರಲ್ಲೇ ‘ನೇಚರ್’ನಲ್ಲಿ ಪ್ರಕಟಿಸಿದ್ದರು. 1936ರ ಆ ತಪ್ಪು ತೀರ್ಮಾನ ಐನ್‌ಸ್ಟೈನ್ ಹೆಸರಿನ ಬಲದಿಂದ ಹಾಗೆಯೇ ಅಚ್ಚಾಗಿದ್ದರೆ ಈ ದಾರಿಯಲ್ಲಿ ಹೆಜ್ಜೆ ಇಡುವವರಿಗೆ ಅದೊಂದು ದೊಡ್ಡ ಅಡ್ಡಿಯಾಗುತ್ತಿತ್ತು.

ಯಾರಿಗೆ ಯಾರು ಕಾಣಬೇಕು?

ವಿಜ್ಞಾನದ ಹೆಚ್ಚಿನ ಪತ್ರಿಕೆಗಳಲ್ಲಿ ಪರಿಶೀಲಕರಿಗೆ ಲೇಖಕರು ಯಾರೆಂದು ತಿಳಿಯುತ್ತದೆ, ಲೇಖಕರಿಗೆ ಪರಿಶೀಲಕರು ತಿಳಿಯುವುದಿಲ್ಲ. ಹಿರಿಯರ ತಪ್ಪನ್ನು ಕಿರಿಯರು ಹೆದರದೆ ಹೇಳಲಿ ಎಂಬುದು ಇದರ ಉದ್ದೇಶ. ಆದರೆ ದೊಡ್ಡ ಸಂಸ್ಥೆಯ ಹೆಸರು ಕಂಡರೆ ಕೈ ಸಡಿಲವಾಗುವುದು, ಸಣ್ಣ ಊರಿನ ಹೆಸರು ಕಂಡರೆ ಬಿಗಿಯಾಗುವುದು ಮನುಷ್ಯ ಸ್ವಭಾವ. 1982ರಲ್ಲಿ ಡಗ್ಲಸ್ ಪೀಟರ್ಸ್ ಮತ್ತು ಸ್ಟೀಫನ್ ಸೆಸಿ ಇದನ್ನು ಪರೀಕ್ಷೆಗೊಡ್ಡಿದ ವರದಿ ಪ್ರಕಟಿಸಿದರು. ಮನಶ್ಶಾಸ್ತ್ರದ ಹೆಸರಾಂತ ಪತ್ರಿಕೆಗಳಲ್ಲಿ ಆಗಲೇ ಅಚ್ಚಾಗಿದ್ದ 12 ಪ್ರಬಂಧಗಳಿಗೆ ಯಾರೂ ಕೇಳರಿಯದ ಲೇಖಕರ, ಸಂಸ್ಥೆಗಳ ಹೆಸರು ಹಾಕಿ ಅವೇ ಪತ್ರಿಕೆಗಳಿಗೆ ಮತ್ತೆ ಕಳಿಸಿದರು. ಹಳೆಯವೆಂದು ಗುರುತಿಸಿದ್ದು ಮೂರನ್ನು ಮಾತ್ರ. ಉಳಿದ ಒಂಬತ್ತರಲ್ಲಿ ಎಂಟು ತಿರಸ್ಕಾರಗೊಂಡವು.

ಅದಕ್ಕೆಂದೇ ಎರಡೂ ಕಡೆಯ ಹೆಸರು ಮುಚ್ಚುವ ಪದ್ಧತಿ ಸಮಾಜವಿಜ್ಞಾನ, ಮಾನವಿಕ ಪತ್ರಿಕೆಗಳಲ್ಲಿ ಹೆಚ್ಚು ಬಳಕೆಯಲ್ಲಿದೆ. ಇದಕ್ಕೆ ತದ್ವಿರುದ್ಧವಾದ ದಾರಿ ಹಿಡಿದವರೂ ಇದ್ದಾರೆ. ಬ್ರಿಟನ್ನಿನ ವೈದ್ಯಕೀಯ ಪತ್ರಿಕೆ ‘ಬಿಎಂಜೆ’ 1999ರಿಂದ ಪರಿಶೀಲಕರು ತಮ್ಮ ಹೆಸರು ಹಾಕಿಯೇ ವರದಿ ಕೊಡುವ ಕ್ರಮ ತಂದಿತು. ಇನ್ನು ಕೆಲವು ಪತ್ರಿಕೆಗಳು ಪ್ರಬಂಧದ ಜತೆಗೇ ವರದಿಗಳನ್ನೂ ಪ್ರಕಟಿಸುತ್ತವೆ. ಪರಿಶೀಲಕರಿಗೆ ಯಾವ ಅನುಮಾನ ಎದ್ದಿತ್ತು, ಅದಕ್ಕೆ ಏನು ಉತ್ತರ ಬಂತು ಎಂಬುದು ಓದುಗರ ಕಣ್ಣೆದುರಿಗೇ ಇರುತ್ತದೆ. ವರದಿ ಎಲ್ಲರೂ ಓದುವಂತಿದ್ದರೆ ಬರೆಯುವವರ ಎಚ್ಚರವೂ ಹೆಚ್ಚುತ್ತದೆ. ಈ ದಾರಿಯೇ ಹೆಚ್ಚು ಭರವಸೆಯದು.

ಎಲ್ಲಿ ಎಡವುತ್ತದೆ?

ಪರಿಶೀಲಕರು ಪತ್ತೇದಾರರಲ್ಲ. ಅವರ ಮುಂದಿರುವುದು ಲೇಖಕರು ಬರೆದುಕೊಟ್ಟ ಪ್ರಬಂಧ. ಪ್ರಯೋಗಾಲಯವಲ್ಲ, ರೋಗಿಗಳ ಕಡತವಲ್ಲ. ಅಂಕಿಅಂಶವನ್ನೇ ಯಾರಾದರೂ ಸೃಷ್ಟಿಸಿದ್ದರೆ ಕಂಡುಹಿಡಿಯುವುದು ಬಲು ಕಷ್ಟ.

1998ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಆಂಡ್ರ್ಯೂ ವೇಕ್‌ಫೀಲ್ಡ್ ಮತ್ತು ಸಂಗಡಿಗರ ಪ್ರಬಂಧ ಬಂತು. ಕೇವಲ 12 ಮಕ್ಕಳನ್ನು ಮುಂದಿಟ್ಟುಕೊಂಡು, ದಡಾರ, ಮಂಗನಬಾವು, ರುಬೆಲ್ಲಾ ಲಸಿಕೆಗೂ ಆಟಿಸಂಗೂ ನಂಟಿರಬಹುದೆಂಬ ಶಂಕೆ ಹುಟ್ಟಿಸಿತು. ಪತ್ರಿಕೆ ಅದನ್ನು ಪೂರ್ತಿ ಹಿಂಪಡೆದದ್ದು 2010ರಲ್ಲಿ. ನಡುವಿನ ಹನ್ನೆರಡು ವರ್ಷಗಳಲ್ಲಿ ಎಷ್ಟೋ ತಂದೆತಾಯಂದಿರು ಮಕ್ಕಳಿಗೆ ಲಸಿಕೆ ಹಾಕಿಸಲು ಹಿಂಜರಿದರು. ಆ ಭಯ ಇವತ್ತಿಗೂ ಪೂರ್ತಿ ಹೋಗಿಲ್ಲ.

ಕೋವಿಡ್ ಕಾಲದಲ್ಲಿ ಅದೇ ಪತ್ರಿಕೆ ಮತ್ತೆ ಎಡವಿತು. ಆರು ಖಂಡಗಳ 671 ಆಸ್ಪತ್ರೆಗಳ 96,032 ರೋಗಿಗಳ ಮಾಹಿತಿ ಆಧರಿಸಿ, ಹೈಡ್ರಾಕ್ಸಿಕ್ಲೋರೊಕ್ವಿನ್ ಅಪಾಯಕಾರಿ ಎನ್ನುವ ಪ್ರಬಂಧ 2020ರ ಮೇ 22ರಂದು ಬಂತು. ವಿಶ್ವ ಆರೋಗ್ಯ ಸಂಸ್ಥೆ ಆ ಔಷಧದ ಪ್ರಯೋಗವನ್ನೇ ತಾತ್ಕಾಲಿಕವಾಗಿ ನಿಲ್ಲಿಸಿತು. ಮಾಹಿತಿಯ ಮೂಲ ತೋರಿಸಿ ಎಂದು ಹೊರಗಿನ ವಿಜ್ಞಾನಿಗಳು ಪಟ್ಟುಹಿಡಿದಾಗ, ಅದನ್ನು ಒದಗಿಸಿದ್ದ ಕಂಪನಿ ತೋರಿಸಲಿಲ್ಲ. ಜೂನ್ 4ರಂದು ಪ್ರಬಂಧ ವಾಪಸ್ಸಾಯಿತು. ಪರಿಶೀಲಕರ ಕಣ್ಣು ತಪ್ಪಿಸಿಕೊಂಡದ್ದನ್ನು ಹೊರಗಿನ ಓದುಗರು ಹದಿಮೂರು ದಿನಗಳಲ್ಲಿ ಹಿಡಿದರು.

ವಂಚನೆ ಇಲ್ಲದ ಕಡೆಯೂ ಕಣ್ಣು ತಪ್ಪುತ್ತದೆ. ‘ಬಿಎಂಜೆ’ ಸಂಪಾದಕರು ಒಂದು ಪ್ರಬಂಧದಲ್ಲಿ ಬೇಕೆಂದೇ ಎಂಟು ದೋಷಗಳನ್ನು ಸೇರಿಸಿ 420 ಪರಿಶೀಲಕರಿಗೆ ಕಳಿಸಿದ್ದರು. 221 ವರದಿಗಳು ಬಂದವು. ಸರಾಸರಿ ಪತ್ತೆಯಾದದ್ದು ಎರಡು ದೋಷ. ಐದಕ್ಕಿಂತ ಹೆಚ್ಚು ಹಿಡಿದವರು ಒಬ್ಬರೂ ಇರಲಿಲ್ಲ. ಈ ಫಲಿತಾಂಶ 1998ರಲ್ಲಿ ಪ್ರಕಟವಾಯಿತು.

ಒಳ್ಳೆಯದನ್ನು ತಳ್ಳಿಹಾಕುವುದು ಇನ್ನೊಂದು ಬಗೆಯ ತಪ್ಪು. ದೇಹ ಇನ್ಸುಲಿನ್‌ಗೂ ಪ್ರತಿಕಾಯ ಸೃಷ್ಟಿಸುತ್ತದೆ ಎಂದು ರೋಸಲಿನ್ ಯಾಲೊ ಮತ್ತು ಸಾಲೊಮನ್ ಬರ್ಸನ್ ತೋರಿಸಿದಾಗ, ಅಷ್ಟು ಸಣ್ಣ ಪ್ರೋಟೀನ್‌ಗೆ ಅದು ಸಾಧ್ಯವಿಲ್ಲ ಎಂಬ ನಂಬಿಕೆ ಗಟ್ಟಿಯಾಗಿತ್ತು. 1955ರಲ್ಲಿ ಪ್ರಬಂಧ ತಿರಸ್ಕೃತವಾಯಿತು. ‘ಇನ್ಸುಲಿನ್ ಪ್ರತಿಕಾಯ’ ಎಂಬ ಮಾತನ್ನು ಶೀರ್ಷಿಕೆಯಿಂದ ತೆಗೆದ ಮೇಲಷ್ಟೇ ಅದು ಅಚ್ಚಾಯಿತು. ರಕ್ತದಲ್ಲಿನ ಹಾರ್ಮೋನುಗಳನ್ನು ಅಳೆಯುವ ವಿಧಾನ ಆ ಕೆಲಸದಿಂದಲೇ ಬೆಳೆಯಿತು. 1977ರಲ್ಲಿ ನೊಬೆಲ್ ಪಡೆದಾಗ ಯಾಲೊ ತಮ್ಮ ಭಾಷಣದಲ್ಲಿ ಆ ತಿರಸ್ಕಾರ ಪತ್ರವನ್ನೂ ತೋರಿಸಿದರು. ಹೊಸ ಮಾತು ಹಳೆಯ ನಂಬಿಕೆಗೆ ಒಗ್ಗದಿದ್ದಾಗ ತಜ್ಞರೇ ತೊಡಕಾಗಬಹುದು ಎಂಬುದಕ್ಕೆ ಅದು ಸಾಕ್ಷಿ.

ಪರಿಶೀಲನೆಯ ಹೆಸರಲ್ಲಿ ದಂಧೆ

ಇವು ಪ್ರಾಮಾಣಿಕ ಪತ್ರಿಕೆಗಳ ಸೋಲುಗಳು. ಪರಿಶೀಲನೆಯನ್ನೇ ಮಾಡದೆ, ಮಾಡಿದ್ದೇವೆಂದು ಹೇಳಿ ದುಡ್ಡು ಕೀಳುವ ಪತ್ರಿಕೆಗಳ ಕಥೆ ಬೇರೆ. ‘ನಾಲ್ಕು ದಿನದಲ್ಲಿ ಪ್ರಕಟಣೆ ಗ್ಯಾರಂಟಿ’ ಎಂಬ ಮೇಲ್ ನಮ್ಮ ಕಾಲೇಜುಗಳ ಅಧ್ಯಾಪಕರಿಗೆ ಹೊಸದೇನಲ್ಲ.

2013ರಲ್ಲಿ ‘ಸೈನ್ಸ್’ ಪತ್ರಿಕೆಗಾಗಿ ಜಾನ್ ಬೊಹಾನನ್ ಒಂದು ಸುಳ್ಳು ಪ್ರಬಂಧ ಹೆಣೆದರು. ಕಲ್ಲುಹೂವಿನಿಂದ ತೆಗೆದ ವಸ್ತು ಕ್ಯಾನ್ಸರ್ ಕೋಶಗಳನ್ನು ತಡೆಯುತ್ತದೆ ಎಂಬ ಆ ಬರಹದಲ್ಲಿ, ವಿಷಯ ಬಲ್ಲ ಯಾರಿಗೂ ಕಣ್ಣಿಗೆ ಹೊಡೆಯುವಂಥ ತಪ್ಪುಗಳಿದ್ದವು. ಲೇಖಕರೂ ಇಲ್ಲ, ಸಂಸ್ಥೆಯೂ ಇಲ್ಲ. 304 ಪತ್ರಿಕೆಗಳಿಗೆ ಹೋದ ಅದನ್ನು 157 ಪತ್ರಿಕೆಗಳು ಸ್ವೀಕರಿಸಿದವು. ಪರಿಶೀಲನೆಯ ಬಗ್ಗೆ ಸುಳ್ಳು ಹೇಳಿ ಸಂಶೋಧಕರನ್ನು ವಂಚಿಸಿದ್ದಕ್ಕೆ ಹೈದರಾಬಾದ್ ಮೂಲದ ಪ್ರಕಾಶನ ಸಂಸ್ಥೆಯೊಂದು 5 ಕೋಟಿ ಡಾಲರಿಗೂ ಹೆಚ್ಚು ತೆರಬೇಕೆಂದು ಅಮೆರಿಕದ ನ್ಯಾಯಾಲಯ 2019ರಲ್ಲಿ ಆದೇಶಿಸಿತು.

ನಮ್ಮಲ್ಲಿ ಈ ದಂಧೆ ಬೆಳೆಯಲು ಕಾರಣ ದೂರದಲ್ಲಿಲ್ಲ. ಪಿಎಚ್.ಡಿ. ಸಲ್ಲಿಸುವ ಮುನ್ನ ಪ್ರಬಂಧ ಪ್ರಕಟವಾಗಿರಬೇಕೆಂದು ವಿಶ್ವವಿದ್ಯಾಲಯ ಧನಸಹಾಯ ಆಯೋಗ (ಯುಜಿಸಿ) 2009ರಲ್ಲಿ ನಿಯಮ ಮಾಡಿತು. ಅಧ್ಯಾಪಕರ ಬಡ್ತಿಗೂ ಪ್ರಬಂಧಗಳ ಎಣಿಕೆ ಬಂತು. ಪ್ರಯೋಗಾಲಯವಿಲ್ಲದ, ಗ್ರಂಥಾಲಯವಿಲ್ಲದ, ವಾರಕ್ಕೆ ಹದಿನಾರು ಹದಿನೆಂಟು ಗಂಟೆ ಪಾಠ ಮಾಡುವ ಅಧ್ಯಾಪಕರಿಂದಲೂ ಸಂಖ್ಯೆ ಕೇಳಿದರೆ, ಸಂಖ್ಯೆ ಮಾರುವ ಅಂಗಡಿಗಳು ಹುಟ್ಟದೆ ಇರುತ್ತವೆಯೇ? ಯುಜಿಸಿಯ ಅನುಮೋದಿತ ಪತ್ರಿಕೆಗಳ ಪಟ್ಟಿಯೊಳಗೇ ಅವು ಸೇರಿಕೊಂಡವು. ವಿಶ್ವವಿದ್ಯಾಲಯಗಳ ಶಿಫಾರಸಿನಿಂದ ಆ ಪಟ್ಟಿಗೆ ಬಂದಿದ್ದ ಸಾವಿರದಷ್ಟು ಪತ್ರಿಕೆಗಳನ್ನು ಪುಣೆಯ ಸಂಶೋಧಕರು ಪರಿಶೀಲಿಸಿದಾಗ, ಶೇ 88ಕ್ಕೂ ಹೆಚ್ಚು ಕಳಪೆ ಎಂದು ಕಂಡುಬಂತು. ಈ ವಿಶ್ಲೇಷಣೆಯನ್ನು 2018ರಲ್ಲಿ ಪ್ರಕಟಿಸಿದ್ದು 1932ರಿಂದ ಬೆಂಗಳೂರಿನಿಂದ ಹೊರಡುತ್ತಿರುವ ‘ಕರೆಂಟ್ ಸೈನ್ಸ್’. ಅದೇ ವರ್ಷ ಯುಜಿಸಿ 4,305 ಪತ್ರಿಕೆಗಳನ್ನು ಪಟ್ಟಿಯಿಂದ ಕಿತ್ತುಹಾಕಿತು. ಪಿಎಚ್.ಡಿ.ಗೆ ಪ್ರಬಂಧ ಕಡ್ಡಾಯವೆಂಬ ನಿಯಮವನ್ನು 2022ರಲ್ಲಿ ಕೈಬಿಟ್ಟಿತು. ಒಳ್ಳೆಯ ಪತ್ರಿಕೆಗಳ ಹೊಸ ಪಟ್ಟಿಯಾಗಿ ಬಂದ ‘ಕೇರ್’ ಕೂಡ 2025ರಲ್ಲಿ ನಿಂತಿತು. ಯಾವ ಪತ್ರಿಕೆ ಒಳ್ಳೆಯದೆಂದು ನಿರ್ಧರಿಸುವ ಹೊಣೆ ಈಗ ಆಯಾ ಸಂಸ್ಥೆಗಳ ಮೇಲಿದೆ.

ಪರಿಶೀಲನೆಗೆ ಮುನ್ನವೇ ಬಯಲಿಗೆ

ಪರಿಶೀಲನೆ ಮುಗಿಯಲು ತಿಂಗಳುಗಟ್ಟಲೆ ಕಾಯಬೇಕಾದ್ದರಿಂದ, ಪ್ರಬಂಧವನ್ನು ಮೊದಲೇ ಎಲ್ಲರೂ ಓದುವಂತೆ ಇಡುವ ರೂಢಿಯೂ ಬೆಳೆದಿದೆ. ಇವು ಪ್ರಿಪ್ರಿಂಟ್‌ಗಳು. ಭೌತವಿಜ್ಞಾನಕ್ಕಾಗಿ ಪಾಲ್ ಗಿನ್ಸ್‌ಪಾರ್ಗ್ 1991ರಲ್ಲಿ ಶುರುಮಾಡಿದ ‘ಆರ್ಕೈವ್’ ಭಂಡಾರ ಇದಕ್ಕೆ ದಾರಿ ತೋರಿತು. ಕೋವಿಡ್ ಸಮಯದಲ್ಲಿ ವೈದ್ಯವಿಜ್ಞಾನವೂ ಇದೇ ದಾರಿ ಹಿಡಿಯಿತು. ಜ್ಞಾನ ಬೇಗ ಹರಡುವುದು ಇದರ ದೊಡ್ಡ ಲಾಭ.

ಅಪಾಯವೂ ಇದೆ. 2020ರ ಜನವರಿ 31ರಂದು ದೆಹಲಿಯ ಸಂಶೋಧಕರ ತಂಡವೊಂದು, ಹೊಸ ಕೊರೊನಾ ವೈರಾಣುವಿನಲ್ಲಿ ಎಚ್‌ಐವಿಯನ್ನು ಹೋಲುವ ತುಣುಕುಗಳಿವೆ ಎಂಬ ಪ್ರಿಪ್ರಿಂಟ್ ಹಾಕಿತು. ವೈರಾಣುವನ್ನು ಯಾರೋ ತಯಾರಿಸಿದರೆಂಬ ವದಂತಿಗೆ ಅದು ತುಪ್ಪ ಸುರಿಯಿತು. ಅಂಥ ಪುಟ್ಟ ತುಣುಕುಗಳು ಇನ್ನೆಷ್ಟೋ ಜೀವಿಗಳಲ್ಲಿಯೂ ಸಿಗುತ್ತವೆ ಎಂದು ವಿಜ್ಞಾನಿಗಳು ತೋರಿಸಿಕೊಟ್ಟ ಮೇಲೆ, ಎರಡೇ ದಿನದಲ್ಲಿ ಲೇಖಕರು ಅದನ್ನು ಹಿಂಪಡೆದರು. ಪ್ರಬಂಧ ಹೋಯಿತು, ಫಾರ್ವರ್ಡ್ ಆದ ಸಂದೇಶಗಳು ಹೋಗಲಿಲ್ಲ.

ದುಡ್ಡಿಲ್ಲದ ದುಡಿಮೆ

ಇಡೀ ಜಗತ್ತಿನ ಪರಿಶೀಲಕರು 2020ರ ಒಂದೇ ವರ್ಷದಲ್ಲಿ ಈ ಕೆಲಸಕ್ಕೆ 10 ಕೋಟಿ ಗಂಟೆಗೂ ಹೆಚ್ಚು ಸಮಯ ಕೊಟ್ಟಿದ್ದಾರೆಂದು ಒಂದು ಅಂದಾಜು ಹೇಳುತ್ತದೆ. ಇದರ ಬಹುಪಾಲು ಬಿಟ್ಟಿ. ಅದೇ ಪತ್ರಿಕೆಗಳ ಚಂದಾಕ್ಕೋ ಪ್ರಕಟಣಾ ಶುಲ್ಕಕ್ಕೋ ವಿಶ್ವವಿದ್ಯಾಲಯಗಳು ದೊಡ್ಡ ಮೊತ್ತ ಕಟ್ಟುತ್ತವೆ. ಬರೆಯುವವರು, ಪರಿಶೀಲಿಸುವವರು, ದುಡ್ಡು ಕೊಟ್ಟು ಓದುವವರು ಎಲ್ಲರೂ ಒಂದೇ ಸಮುದಾಯದವರು. ಲಾಭ ಮಾತ್ರ ಪ್ರಕಾಶಕರದು. ಈ ಅನ್ಯಾಯ ಹೆಚ್ಚು ದಿನ ನಡೆಯಲಾರದು. ನಡೆಯುತ್ತಲೇ ಇದ್ದರೆ ಶ್ರದ್ಧೆಯಿಂದ ಓದುವವರು ಹಿಂದೆ ಸರಿಯುತ್ತಾರೆ, ಅವಸರದಲ್ಲಿ ನಾಲ್ಕು ಸಾಲು ಗೀಚುವವರು ಉಳಿಯುತ್ತಾರೆ.

ಎಲ್ಲ ಪತ್ರಿಕೆಗಳೂ ಹಾಗಿಲ್ಲ. ಸಿ.ವಿ. ರಾಮನ್ 1934ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿಸಿದ ಭಾರತೀಯ ವಿಜ್ಞಾನ ಅಕಾಡೆಮಿ ‘ಪ್ರಮಾಣ’ದಂಥ ಪತ್ರಿಕೆಗಳನ್ನು ದಶಕಗಳಿಂದ ನಡೆಸುತ್ತಿದೆ. ವಿದ್ವತ್ ಸಂಸ್ಥೆಗಳೇ ಪತ್ರಿಕೆ ನಡೆಸಿದರೆ ಸಮುದಾಯದ ದುಡಿಮೆ ಸಮುದಾಯದ ಬಳಿಯೇ ಉಳಿಯುತ್ತದೆ. ಅಂಥ ಪತ್ರಿಕೆಗಳಿಗೆ ನಮ್ಮ ಒಳ್ಳೆಯ ಪ್ರಬಂಧಗಳೂ ಹೋಗಬೇಕು, ನಮ್ಮ ಒಳ್ಳೆಯ ಪರಿಶೀಲಕರೂ ಸಿಗಬೇಕು.

ಓದುಗರು ಕೇಳಬೇಕಾದದ್ದು

ಪರಿಶೀಲನೆ ದಾಟಿದ ಪ್ರಬಂಧವೆಲ್ಲ ಸತ್ಯವಲ್ಲ. ದಾಟದ್ದೆಲ್ಲ ಸುಳ್ಳೂ ಅಲ್ಲ. ಬಲ್ಲವರು ಒಮ್ಮೆ ಓದಿದ್ದಾರೆ, ಕೇಳಬೇಕಾದ ಪ್ರಶ್ನೆಗಳಲ್ಲಿ ಕೆಲವನ್ನಾದರೂ ಕೇಳಿದ್ದಾರೆ ಎಂಬುದಷ್ಟೇ ಅದರ ಖಾತರಿ. ಬೇರೆಯವರು ಅದೇ ಪ್ರಯೋಗ ಮಾಡಿ ಅದೇ ಫಲಿತಾಂಶ ಪಡೆದಾಗ ನಂಬಿಕೆ ಗಟ್ಟಿಯಾಗುತ್ತದೆ.

ಈ ವ್ಯವಸ್ಥೆಯನ್ನು ಉಳಿಸಿಕೊಳ್ಳಲು ವಿಶ್ವವಿದ್ಯಾಲಯಗಳು ಮಾಡಬೇಕಾದದ್ದು ಎರಡು. ಬಡ್ತಿಗೆ ಪ್ರಬಂಧಗಳನ್ನು ಎಣಿಸುವುದು ಬಿಟ್ಟು ಅವುಗಳಲ್ಲಿ ಎರಡನ್ನಾದರೂ ಕೂತು ಓದಬೇಕು. ಪರಿಶೀಲನೆಯನ್ನು ಅಧ್ಯಾಪಕರ ಕೆಲಸದ ಭಾಗವೆಂದು ಲೆಕ್ಕಕ್ಕೆ ಹಿಡಿದು, ಅದಕ್ಕೆ ಸಮಯವನ್ನೂ ಮನ್ನಣೆಯನ್ನೂ ಕೊಡಬೇಕು.

ಓದುಗರಾಗಿ ನಾವು ಮಾಡಬಹುದಾದದ್ದೂ ಇದೆ. ಆರೋಗ್ಯ, ಆಹಾರ, ಔಷಧದ ಬಗ್ಗೆ ‘ಹೊಸ ಸಂಶೋಧನೆ’ ಎಂಬ ಸುದ್ದಿ ಕಂಡಾಗ ನಾಲ್ಕು ಪ್ರಶ್ನೆ ಕೇಳಿ. ಯಾವ ಪತ್ರಿಕೆಯಲ್ಲಿ ಬಂದಿದೆ? ಪರಿಶೀಲನೆ ಆಗಿದೆಯೇ, ಇನ್ನೂ ಪ್ರಿಪ್ರಿಂಟ್ ಹಂತದಲ್ಲಿದೆಯೇ? ಎಷ್ಟು ಜನರ ಮೇಲೆ ನಡೆದ ಅಧ್ಯಯನ? ಬೇರೆಯವರಿಗೂ ಹಾಗೆಯೇ ಕಂಡುಬಂದಿದೆಯೇ? ಸುದ್ದಿಯಲ್ಲಿ ಇವಕ್ಕೆ ಉತ್ತರ ಇಲ್ಲದಿದ್ದರೆ ಅದನ್ನು ನಂಬಿ ಮಾತ್ರೆ ಬಿಡಬೇಡಿ, ಲಸಿಕೆ ಮುಂದೂಡಬೇಡಿ. ನಿಮ್ಮ ವೈದ್ಯರನ್ನು ಕೇಳಿ.